ಕಲ್ಲಿದ್ದಲು ತೆಗೆದ ಮೇಲೆ ಆ ನೆಲ ಯಾರದು?

ಪರಿಸರ ಅಧ್ಯಯನದ ಪೇಪರ್‌ನಲ್ಲಿ ಐದು ಅಂಕಕ್ಕೆ ಒಂದು ಪ್ರಶ್ನೆ ಆಗಾಗ ಬರುತ್ತೆ: ಗಣಿಗಾರಿಕೆಯಿಂದ ಹಾಳಾದ ಭೂಮಿಯನ್ನು ಮತ್ತೆ ಸರಿಪಡಿಸುವುದು ಹೇಗೆ? ನಾವೆಲ್ಲ ಬರೆದ ಉತ್ತರ ಹೆಚ್ಚುಕಡಿಮೆ ಒಂದೇ. ಗುಂಡಿ ಮುಚ್ಚಬೇಕು, ಮೇಲ್ಮಣ್ಣು ಹರಡಬೇಕು, ಗಿಡ ನೆಡಬೇಕು. ಮೂರು ಸಾಲು, ಪಕ್ಕದಲ್ಲೊಂದು ಚಿತ್ರ, ಐದಕ್ಕೆ ನಾಲ್ಕು ಗ್ಯಾರಂಟಿ. ಸಂಘದ ಶನಿವಾರದ ಓದಿನಲ್ಲಿ ಇದೇ ವಿಷಯ ತೆಗೆದುಕೊಂಡಾಗ ಮೆಕ್ಯಾನಿಕಲ್‌ನ ಗೆಳೆಯನೊಬ್ಬ ಕೇಳಿದ: "ಎಲ್ಲ ಸರಿ, ಗಿಡ ನೆಟ್ಟಾದ ಮೇಲೆ ಆ ನೆಲ ಯಾರದು?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ನಾಲ್ಕು ಶನಿವಾರ ಕೂತು ಓದಿದ್ದನ್ನು ಇಲ್ಲಿ ಬರೆದಿದ್ದೇವೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಈಗ ಅದರ ಸಾಮರ್ಥ್ಯ 1720 ಮೆಗಾವ್ಯಾಟ್. ಆದರೆ ಆ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಂಥ ಹೊರಗಿನ ಗಣಿಗಳಿಂದ ರೈಲು ವ್ಯಾಗನ್‌ನಲ್ಲಿ ಬರುತ್ತೆ. ಕರೆಂಟು ನಮಗೆ, ಗುಂಡಿ ಬೇರೆಯವರಿಗೆ. ಅದಕ್ಕೇ ಇರಬೇಕು, ಈ ಪ್ರಶ್ನೆ ನಮಗೆ ಐದು ಅಂಕದಾಚೆ ಹೊಳೆದಿರಲಿಲ್ಲ. ಮೊದಲು ಆ ಮೂರು ಸಾಲಿನ ಉತ್ತರವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆಮೇಲೆ ಆ ಉತ್ತರ ಸಾಲದೇ ಹೋಗುವ ಊರಿಗೆ, ಜಾರ್ಖಂಡ್‌ನ ಝರಿಯಾಕ್ಕೆ ಹೋಗೋಣ.

ಗುಂಡಿಯ ಲೆಕ್ಕ

ಭಾರತದ ಕಲ್ಲಿದ್ದಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಇವತ್ತು ಬರೋದು ತೆರೆದ ಗಣಿಯಿಂದ. ಕಲ್ಲಿದ್ದಲಿನ ಪದರದ ಮೇಲಿರುವ ಮಣ್ಣು, ಮರಳುಗಲ್ಲು, ಶೇಲ್ ಎಲ್ಲವನ್ನೂ ಸಿಡಿಸಿ, ಎತ್ತಿ, ಪಕ್ಕಕ್ಕೆ ಸುರಿಯುತ್ತಾರೆ. ಈ ಮೇಲಿನ ಹೊರೆಗೆ ಓವರ್‌ಬರ್ಡನ್ ಅಂತ ಹೆಸರು. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಹೊರೆ ತೆಗೆಯಬೇಕು ಅನ್ನೋದು ಸ್ಟ್ರಿಪ್ಪಿಂಗ್ ಅನುಪಾತ.

ಈಗ ಒಂದು ಸಣ್ಣ ಲೆಕ್ಕ. ಗಟ್ಟಿ ಬಂಡೆ ಒಡೆದರೆ ಉಬ್ಬುತ್ತೆ. 1 ಘನ ಮೀಟರ್ ಬಂಡೆ ಒಡೆದ ಮೇಲೆ 1.25 ಘನ ಮೀಟರ್ ಜಾಗ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. 1 ಟನ್ ಕಲ್ಲಿದ್ದಲಿನ ಗಾತ್ರ ಸುಮಾರು 0.7 ಘನ ಮೀಟರ್. ಅನುಪಾತ 3 ಇದ್ದರೆ ಗುಂಡಿ 3.7, ವಾಪಸ್ ತುಂಬಲು ಸಿಗುವ ಸಾಮಗ್ರಿ 3.75. ಅಂದರೆ ಕಲ್ಲಿದ್ದಲು ಹೋದರೂ ಗುಂಡಿ ತುಂಬಿಯೇ ತುಂಬುತ್ತೆ! ಅನುಪಾತ 1 ಇದ್ದರೆ ಗುಂಡಿ 1.7, ಸಾಮಗ್ರಿ 1.25, ಕಾಲು ಭಾಗಕ್ಕಿಂತ ಹೆಚ್ಚು ತೂತು ಉಳಿಯುತ್ತೆ. ಕಾಲ ಕಳೆದಂತೆ ತುಂಬಿದ್ದು ಸ್ವಲ್ಪ ಕುಸಿಯುತ್ತೆ, ಆ ಮಾತು ಬೇರೆ.

ಹಾಗಾದರೆ ಉಪಗ್ರಹ ಚಿತ್ರದಲ್ಲಿ ಒಂದೇ ಗಣಿಯ ಪಕ್ಕ ದೊಡ್ಡ ಗುಡ್ಡವೂ ದೊಡ್ಡ ಹಳ್ಳವೂ ಒಟ್ಟಿಗೆ ಕಾಣೋದು ಯಾಕೆ? ನಮಗೂ ಮೊದಲು ಅರ್ಥ ಆಗಿರಲಿಲ್ಲ. ಗಣಿ ಶುರು ಮಾಡಿದಾಗ ತುಂಬಲು ಗುಂಡಿಯೇ ಇರೋದಿಲ್ಲ, ಹಾಗಾಗಿ ಮೊದಲ ಹೊರೆ ಹೊರಗಡೆ ಗುಡ್ಡವಾಗುತ್ತೆ. ಗಣಿ ಮುಂದೆ ಸರಿದಂತೆ ಹೊಸ ಹೊರೆ ಹಿಂದಿನ ಗುಂಡಿಗೆ ಬೀಳುತ್ತೆ. ಕಟ್ಟಕಡೆಯ ಗುಂಡಿಗೆ ತುಂಬಲು ಏನೂ ಉಳಿದಿರೋದಿಲ್ಲ. ಮೊದಲ ಗುಡ್ಡವನ್ನು ಕಿಲೋಮೀಟರ್‌ಗಟ್ಟಲೆ ಹೊತ್ತು ತಂದು ಸುರಿಯಬಹುದು, ಡೀಸೆಲ್ ಖರ್ಚು ಕೊಡೋರು ಬೇಕು ಅಷ್ಟೇ. ಆದ್ದರಿಂದ ಗುಡ್ಡ ಗುಡ್ಡವಾಗಿಯೇ ಉಳಿದು, ಹಳ್ಳಕ್ಕೆ ನೀರು ತುಂಬುತ್ತೆ. ಕೆಲವು ಕಡೆ ಆ ನೀರೇ ಉಪಯೋಗಕ್ಕೆ ಬಂದಿದೆ. ಛತ್ತೀಸ್‌ಗಢದ ಬಿಶ್ರಾಂಪುರದ ಬಳಿ ಕೇನಾಪಾರಾದಲ್ಲಿ ಹಳೇ ಗಣಿಯ ಹೊಂಡದಲ್ಲಿ ಮೀನು ಸಾಕುತ್ತಾರೆ, ದೋಣಿ ವಿಹಾರವೂ ಇದೆ.

ಪ್ರಾಕ್ಟರ್ ಪರೀಕ್ಷೆ ಮರೆಯಬೇಕಾದ ಜಾಗ

ಎರಡನೇ ಸಾಲು, ಮೇಲ್ಮಣ್ಣು ಹರಡಬೇಕು. ಮೇಲ್ಮಣ್ಣು ಅಂದರೆ ಬರೀ ಪುಡಿ ಅಲ್ಲ, ಅದರಲ್ಲಿ ಬೀಜ, ಬೇರು, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲ ಇರುತ್ತೆ. ಅದನ್ನು ಕೆರೆದು ದೊಡ್ಡ ರಾಶಿ ಹಾಕಿ ಹತ್ತು ವರ್ಷ ಬಿಟ್ಟರೆ ರಾಶಿಯ ಒಳಗೆ ಗಾಳಿ ಆಡದೆ ಜೀವ ಹೋಗುತ್ತೆ. ಆಮೇಲೆ ಹರಡೋದು ಹೆಸರಿಗೆ ಮಾತ್ರ ಮಣ್ಣು. ತೆಗೆದ ಮಣ್ಣನ್ನು ಆದಷ್ಟು ಬೇಗ, ಪಕ್ಕದಲ್ಲೇ ಸಿದ್ಧವಾದ ಜಾಗಕ್ಕೆ ಹಾಕಬೇಕು ಅಂತ ಹೇಳೋದು ಇದಕ್ಕೇ.

ಸಿವಿಲ್‌ನವರಿಗೆ ಇಲ್ಲೊಂದು ಕಥೆ ಇದೆ. ಅಮೆರಿಕದಲ್ಲಿ 1977ರ ಆಗಸ್ಟ್‌ನಲ್ಲಿ ತೆರೆದ ಗಣಿಗಳ ನಿಯಂತ್ರಣ ಕಾಯ್ದೆ ಬಂತು. ಗಣಿ ಮುಗಿಸಿದ ಕಂಪನಿ ನೆಲವನ್ನು ಹೆಚ್ಚುಕಡಿಮೆ ಹಳೇ ಆಕಾರಕ್ಕೆ ತರಬೇಕು, ತರುವವರೆಗೆ ಅದರ ಬಾಂಡ್ ಹಣ ಸರ್ಕಾರದ ಹಿಡಿತದಲ್ಲಿ ಇರುತ್ತೆ. ಆಪಲೇಶಿಯಾದ ಬೆಟ್ಟಗಳಲ್ಲಿ ಕಂಪನಿಗಳು ಇಳಿಜಾರು ಜಾರದಿರಲಿ ಅಂತ ಬುಲ್ಡೋಜರ್ ಓಡಿಸಿ ಓಡಿಸಿ ನೆಲವನ್ನು ರಸ್ತೆಯ ಹಾಗೆ ಗಟ್ಟಿ ಮಾಡಿದವು. ನಮ್ಮ ಪ್ರಾಕ್ಟರ್ ಪರೀಕ್ಷೆಯ ಪ್ರಕಾರ ಫುಲ್ ಮಾರ್ಕ್ಸ್. ಆದರೆ ಮರದ ಬೇರು ಒಳಗೆ ಇಳಿಯಲೇ ಇಲ್ಲ. ಕಾಡಿದ್ದ ಕಡೆ ಹುಲ್ಲು ಮಾತ್ರ ಉಳಿಯಿತು. ಮೂರು ದಶಕ ಕಳೆದ ಮೇಲೆ ಅಲ್ಲಿನ ಅರಣ್ಯ ತಜ್ಞರು ಉಲ್ಟಾ ಹೇಳಿದರು: ಮೇಲಿನ ಸುಮಾರು 4 ಅಡಿಯನ್ನು ಸಡಿಲವಾಗಿ ಸುರಿದು ಬಿಡಿ, ತಟ್ಟಬೇಡಿ, ಅಂದ ನೋಡಬೇಡಿ. ತಳ ಗಟ್ಟಿ ಇರಬೇಕು, ಮೇಲು ಸಡಿಲ ಇರಬೇಕು. ನಮ್ಮ ಹಳ್ಳಿಯ ಯಾವ ರೈತನಾದರೂ ಇದನ್ನು ಮೊದಲ ದಿನವೇ ಹೇಳುತ್ತಿದ್ದ ಅಂತ ನಮ್ಮಲ್ಲೊಬ್ಬಳು ಹೇಳಿದಳು. ಸುಳ್ಳಲ್ಲ.

ಮೂರನೇ ಸಾಲು, ಗಿಡ. ನಮ್ಮ ದೇಶದ ಗಣಿ ಗುಡ್ಡಗಳ ಮೇಲೆ ತುಂಬಾ ವರ್ಷ ನೆಟ್ಟದ್ದು ಅಕೇಶಿಯಾ, ನೀಲಗಿರಿ ಇಂಥವು. ಬೇಗ ಬೆಳೆಯುತ್ತೆ, ದನ ತಿನ್ನೋದಿಲ್ಲ, ಫೋಟೋದಲ್ಲಿ ಹಸಿರು ಕಾಣುತ್ತೆ. ಮಲೆನಾಡಿನ ಗೆಳೆಯರಿಗೆ ಇದರ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಕೇಶಿಯಾ ತೋಪು ಅಂದರೆ ಅವರ ಮುಖ ಹೇಗಾಗುತ್ತೆ ನೋಡಿ. ದನ ತಿನ್ನೋದಿಲ್ಲ ಅನ್ನೋದು ನೆಡುವವರಿಗೆ ಅನುಕೂಲ, ದನ ಇರುವವರಿಗೆ ನಷ್ಟ. ಈಚೆಗೆ ಕ್ರಮ ಬದಲಾಗುತ್ತಿದೆ. ಝರಿಯಾ ಪ್ರದೇಶದ ತೇತುಲ್‌ಮಾರಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಪರಿಸರ ತಜ್ಞರ ಮಾರ್ಗದರ್ಶನದಲ್ಲಿ ಹುಲ್ಲು, ಪೊದೆ, ಮರ ಮೂರನ್ನೂ ಸೇರಿಸಿ ಸ್ಥಳೀಯ ಜಾತಿಗಳನ್ನು ಬೆಳೆಸಿದ್ದಾರೆ. ಮೊದಲು ಹುಲ್ಲು ಮತ್ತು ದ್ವಿದಳ ಸಸ್ಯಗಳು ಬಂದು ಮಣ್ಣಿಗೆ ಸಾರಜನಕ ಸೇರಿಸಬೇಕು, ಆಮೇಲೆ ಮರ. ಬರೀ ಕಲ್ಲಿನ ಗುಡ್ಡ ಮೇ ತಿಂಗಳ ಬಿಸಿಲಿಗೆ ಕಾವಲಿಯ ಹಾಗೆ ಕಾಯುತ್ತೆ. ಸಸಿಗೆ ನೆರಳು ಕೊಡೋರು ಮೊದಲು ಬೇಕು.

ಆಮ್ಲ ನೀರಿನ ಸಮಸ್ಯೆ ಬಗ್ಗೆ ಪಠ್ಯಪುಸ್ತಕದಲ್ಲಿ ಎರಡು ಪುಟ ಇದೆ. ಅದು ಗಂಧಕ ಜಾಸ್ತಿ ಇರುವ ಮೇಘಾಲಯ, ಅಸ್ಸಾಂ ಕಲ್ಲಿದ್ದಲಿಗೆ ಹೆಚ್ಚು ಅನ್ವಯ. ದಾಮೋದರ್ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಅಲ್ಲಿನ ದೊಡ್ಡ ಶತ್ರು ಬೇರೆ.

ಝರಿಯಾ: ನೆಲದೊಳಗಿನ ಒಲೆ

ಧನ್‌ಬಾದ್ ಜಿಲ್ಲೆಯ ಝರಿಯಾ ಕಲ್ಲಿದ್ದಲು ಕ್ಷೇತ್ರ ಸುಮಾರು 450 ಚದರ ಕಿಲೋಮೀಟರ್. ಉಕ್ಕು ಕರಗಿಸಲು ಬೇಕಾದ ಉತ್ತಮ ದರ್ಜೆಯ ಕೋಕಿಂಗ್ ಕಲ್ಲಿದ್ದಲಿಗೆ ದೇಶದಲ್ಲಿ ಇದೇ ಮುಖ್ಯ ತಾಣ. 1890ರ ದಶಕದಲ್ಲಿ ಗಣಿಗಾರಿಕೆ ಶುರುವಾಯಿತು. 1916ರಲ್ಲಿ ಮೊದಲ ಬೆಂಕಿ ದಾಖಲಾಯಿತು. ನೂರು ವರ್ಷ ದಾಟಿದರೂ ಅಲ್ಲಿ ಇನ್ನೂ ಬೆಂಕಿ ಇದೆ.

ಯಾರೋ ಕಡ್ಡಿ ಗೀರಿದ್ದಲ್ಲ. ಕಲ್ಲಿದ್ದಲು ಸಾಮಾನ್ಯ ಉಷ್ಣತೆಯಲ್ಲೇ ನಿಧಾನಕ್ಕೆ ಆಮ್ಲಜನಕ ಹೀರುತ್ತೆ, ಸ್ವಲ್ಪ ಬಿಸಿಯಾಗುತ್ತೆ. ಗಾಳಿ ಚೆನ್ನಾಗಿ ಆಡಿದರೆ ಆ ಬಿಸಿ ಹಾರಿಹೋಗುತ್ತೆ. ಗಾಳಿಯೇ ಇಲ್ಲದಿದ್ದರೆ ಕ್ರಿಯೆಯೇ ನಿಲ್ಲುತ್ತೆ. ಅಪಾಯ ಇರೋದು ಮಧ್ಯದಲ್ಲಿ: ಉರಿಸಲು ಸಾಕು, ಆರಿಸಲು ಸಾಲದು ಅನ್ನುವಷ್ಟು ಗಾಳಿ. ಝರಿಯಾದ ಹಳೇ ಖಾಸಗಿ ಗಣಿಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದವು. ನೆಲದೊಳಗೆ ಸುರಂಗ ಕೊರೆದು, ಮೇಲಿನ ಚಾವಣಿ ಹಿಡಿಯಲು ಕಲ್ಲಿದ್ದಲಿನದೇ ಕಂಬ ಬಿಟ್ಟು, ಉಳಿದದ್ದು ತೆಗೆದುಕೊಂಡು ಹೋದರು. ಖಾಲಿ ಜಾಗಕ್ಕೆ ದಾಮೋದರ್ ನದಿಯ ಮರಳು ತುಂಬಬೇಕು ಅನ್ನೋದು ಗೊತ್ತಿತ್ತು, ಎಲ್ಲ ಕಡೆ ತುಂಬಲಿಲ್ಲ. ಕಂಬಗಳು ಕುಸಿದು, ನೆಲ ಬಿರುಕು ಬಿಟ್ಟು, ಬಿರುಕಿನಿಂದ ಗಾಳಿ ಒಳಗೆ ಹೋಗಿ, ಕಂಬಗಳೇ ಸೌದೆ ಆದವು. ಉರಿದಂತೆ ಇನ್ನಷ್ಟು ಕುಸಿತ, ಇನ್ನಷ್ಟು ಬಿರುಕು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನ ಪಾಸಿಟಿವ್ ಫೀಡ್‌ಬ್ಯಾಕ್ ಇದೇ.

1971ರ ಅಕ್ಟೋಬರ್‌ನಲ್ಲಿ ಸರ್ಕಾರ ಕೋಕಿಂಗ್ ಕಲ್ಲಿದ್ದಲು ಗಣಿಗಳ ಆಡಳಿತ ವಹಿಸಿಕೊಂಡಿತು, ಮರುವರ್ಷ ರಾಷ್ಟ್ರೀಕರಣ ಆಯಿತು, ಗಣಿಗಳು ಬಿಸಿಸಿಎಲ್ ಕೈಗೆ ಬಂದವು. ಆಮೇಲೆ ತೆರೆದ ಗಣಿಗಾರಿಕೆ ಹೆಚ್ಚಿತು. ಹಳೇ ಸುರಂಗಗಳ ಬಾಯಿ ತೆರೆದುಕೊಂಡು ಅವುಗಳಿಗೂ ಗಾಳಿ ಸಿಕ್ಕಿತು. ಬೆಂಕಿ ಆರಿಸಲು ಏನೆಲ್ಲ ಮಾಡಿದ್ದಾರೆ ಅಂತ ಓದಿದರೆ ತಲೆ ತಿರುಗುತ್ತೆ: ಮೇಲಿಂದ ಮಣ್ಣಿನ ಹೊದಿಕೆ ಹಾಕೋದು, ಬೆಂಕಿ ಮುಂದೆ ಸರಿಯದಂತೆ ಆಳದ ಕಂದಕ ತೋಡೋದು, ನೈಟ್ರೋಜನ್ ಬಿಡೋದು, ಮರಳು ತುಂಬೋದು. ಹೊದಿಕೆ ಬಿರುಕು ಬಿಟ್ಟರೆ ಮತ್ತೆ ಮೊದಲಿಂದ. ಕೊನೆಗೆ ಹೆಚ್ಚು ಫಲ ಕೊಟ್ಟದ್ದು ಅತಿ ಸರಳ ಉಪಾಯ, ಉರಿಯುವ ಕಲ್ಲಿದ್ದಲನ್ನೇ ಅಗೆದು ತೆಗೆಯುವುದು. ಸರ್ಕಾರದ ಲೆಕ್ಕದಲ್ಲಿ ಬೆಂಕಿಯ ತಾಣಗಳು 77ರಿಂದ 27ಕ್ಕೆ ಇಳಿದಿವೆ. ಅದು ಸಣ್ಣ ಸಾಧನೆ ಅಲ್ಲ.

ಆದರೆ ಅಗೆದು ತೆಗೆಯಬೇಕು ಅಂದರೆ ಮೇಲಿರುವ ಊರು ಏಳಬೇಕು. ಧನ್‌ಬಾದ್‌–ಚಂದ್ರಪುರಾ ರೈಲು ಮಾರ್ಗವನ್ನೇ ಬೆಂಕಿಯ ಭಯದಿಂದ 2017ರ ಜೂನ್‌ನಲ್ಲಿ ನಿಲ್ಲಿಸಿದ್ದರು, ಮತ್ತೆ ರೈಲು ಓಡಿದ್ದು 2019ರಲ್ಲಿ. ರೈಲಿಗೇ ಹೀಗಾದರೆ ಮನೆಗಳ ಪಾಡು ಕೇಳಬೇಕೆ? ಗೋಡೆ ಬಿರುಕು, ನೆಲ ಬಿಸಿ, ಬಿರುಕಿನಿಂದ ಹೊಗೆ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್. "ಬೆಂಕಿ ನೆಪ, ನಮ್ಮ ಕೆಳಗಿರುವ ಕಲ್ಲಿದ್ದಲೇ ಗುರಿ" ಅಂತ ಊರಿನ ಅನೇಕರು ಹೇಳುತ್ತಾ ಬಂದಿದ್ದಾರೆ. ಕಂಪನಿಯ ಮಾತು ಬೇರೆ: ಬೆಂಕಿ ಆರಿಸಲು ಬೇರೆ ದಾರಿ ಇಲ್ಲ, ಜನರ ಜೀವಕ್ಕೇ ಅಪಾಯ. ನಮ್ಮ ಗುಂಪಿನಲ್ಲಿ ಇದರ ಮೇಲೆ ಒಂದಿಡೀ ಶನಿವಾರ ಜಗಳ ಆಯಿತು. ಕೊನೆಗೆ ನಮಗೆ ಅನ್ನಿಸಿದ್ದು, ಬೆಂಕಿ ನಿಜ, ಎಂಜಿನಿಯರಿಂಗ್ ವಾದವೂ ನಿಜ. ಆದರೆ ಎದ್ದು ಹೋದವರು ಆ ಜಾಗಕ್ಕೆ ಮತ್ತೆ ಬರೋದಿಲ್ಲ ಅನ್ನೋದೂ ಅಷ್ಟೇ ನಿಜ. ಜನರ ಅನುಮಾನದ ಬೇರು ಅಲ್ಲಿದೆ.

ಊರು ಬಿಡೋದು ಯಾಕೆ ಕಷ್ಟ ಅಂತ ಕೇಳುವ ಮೊದಲು ಅಲ್ಲಿ ಕಲ್ಲಿದ್ದಲು ಏನೇನು ಕೆಲಸ ಮಾಡುತ್ತೆ ನೋಡಬೇಕು. ಕಾಯಂ ಕೆಲಸ ಇರುವ ಗಣಿ ಕಾರ್ಮಿಕನಿಗೆ ಕ್ವಾರ್ಟರ್ಸ್, ಆಸ್ಪತ್ರೆ, ಪಿಂಚಣಿ ಇದೆ. ಆದರೆ ಆ ಕೆಲಸ ಕರಗುತ್ತಿದೆ. 2000ದ ಹೊತ್ತಿಗೆ ಕೋಲ್ ಇಂಡಿಯಾದಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಈಗ ಅದರ ಅರ್ಧದಷ್ಟೂ ಇಲ್ಲ. ಉತ್ಪಾದನೆ ಮಾತ್ರ ಆಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಯಂತ್ರ ದೊಡ್ಡದಾಯಿತು, ಕೆಲಸ ಗುತ್ತಿಗೆಗೆ ಹೋಯಿತು. ಇವರಿಗಿಂತ ಕೆಳಗೆ, ಯಾವ ಪಟ್ಟಿಯಲ್ಲೂ ಇಲ್ಲದ ಜನ ಇದ್ದಾರೆ. ಬೆಳಗಿನ ಜಾವ ಗಣಿಯ ಅಂಚಿನಲ್ಲಿ ಕಲ್ಲಿದ್ದಲು ಆಯ್ದು, ಬಯಲಿನಲ್ಲಿ ರಾಶಿ ಹಾಕಿ ಸುಟ್ಟು ಹೊಗೆ ಹೋಗಿಸಿ, ಚಹಾ ಅಂಗಡಿಗಳಿಗೆ, ಮನೆಗಳಿಗೆ ಮಾರುತ್ತಾರೆ. ಜಾರ್ಖಂಡ್ ರಸ್ತೆಗಳಲ್ಲಿ ಒಂದು ಸೈಕಲ್‌ಗೆ 200 ಕೆಜಿಗೂ ಹೆಚ್ಚು ಕಲ್ಲಿದ್ದಲು ಹೇರಿ, ತುಳಿಯಲಾಗದೆ, ತಳ್ಳಿಕೊಂಡು ಹೋಗುವವರ ಫೋಟೋ ನೀವೂ ನೋಡಿರುತ್ತೀರಿ. ಸೈಕಲ್ಲಿನ ಫ್ರೇಮ್‌ಗೆ ಕಬ್ಬಿಣದ ರಾಡ್ ಬೆಸೆದು ಬಲ ಮಾಡಿಕೊಂಡಿರುತ್ತಾರೆ. ಯಾವ ಡಿಸೈನ್ ಲ್ಯಾಬ್‌ನಲ್ಲೂ ಕಲಿತದ್ದಲ್ಲ. ಕಾನೂನಿನ ಕಣ್ಣಿಗೆ ಇದು ಕಳ್ಳತನ. ಅವರ ಮನೆಗೆ ಅದೇ ಅಕ್ಕಿ, ಅದೇ ಸ್ಕೂಲ್ ಫೀಸು.

2009ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಝರಿಯಾ ಮಾಸ್ಟರ್ ಪ್ಲಾನ್ ಒಪ್ಪಿತು, 7,112 ಕೋಟಿ ರೂಪಾಯಿ. ಬೆಂಕಿ ಆರಿಸೋದು, ಜನರನ್ನು ಸ್ಥಳಾಂತರಿಸೋದು ಎರಡೂ ಅದರಲ್ಲಿತ್ತು. ಮೊದಲ ಸಮೀಕ್ಷೆಯಲ್ಲಿ ಸುಮಾರು 54 ಸಾವಿರ ಕುಟುಂಬ ಇದ್ದದ್ದು ನಂತರದ ಸಮೀಕ್ಷೆಯಲ್ಲಿ 1.04 ಲಕ್ಷ ಆಯಿತು. ಅದರಲ್ಲಿ ಸುಮಾರು 72 ಸಾವಿರ ಕುಟುಂಬಕ್ಕೆ ಜಾಗದ ಹಕ್ಕುಪತ್ರ ಇಲ್ಲ. ಇವರಿಗಾಗಿ ಕಟ್ಟಿದ ದೊಡ್ಡ ಕಾಲೋನಿ ಬೆಲ್‌ಗಡಿಯಾ. ಸಣ್ಣ ಸಣ್ಣ ಫ್ಲಾಟ್‌ಗಳು, ಕೆಳಗೆ ಬೆಂಕಿ ಇಲ್ಲ. ಆದರೆ ಕಲ್ಲಿದ್ದಲೂ ಇಲ್ಲ, ಅಂದರೆ ಕೆಲಸವೂ ಇಲ್ಲ. ಹೋದವರಲ್ಲಿ ಕೆಲವರು ದಿನಾ ಝರಿಯಾಕ್ಕೇ ಕೂಲಿಗೆ ವಾಪಸ್ ಬರುತ್ತಾರೆ. 2025ರ ಜೂನ್‌ನಲ್ಲಿ ಪರಿಷ್ಕೃತ ಯೋಜನೆ ಬಂತು, 5,940 ಕೋಟಿ. ಈ ಸಲ ಜೀವನೋಪಾಯಕ್ಕೆ ಅಂತ ಪ್ರತಿ ಕುಟುಂಬಕ್ಕೆ 1 ಲಕ್ಷ ರೂಪಾಯಿ, 3 ಲಕ್ಷದವರೆಗೆ ಸಾಲದ ನೆರವು, ಹಕ್ಕುಪತ್ರ ಇರುವವರಿಗೂ ಇಲ್ಲದವರಿಗೂ. ಮನೆಯ ಜೊತೆ ಕೆಲಸವೂ ಬೇಕು ಅಂತ ಯೋಜನೆ ಬರೆದವರು ಒಪ್ಪಿಕೊಂಡದ್ದು ನಮಗೆ ಮುಖ್ಯ ಅನ್ನಿಸಿತು. ಹದಿನಾರು ವರ್ಷ ಹಿಡಿಯಿತು, ಇರಲಿ.

ಒಂದೇ ಹೆಸರಿನ ಎರಡು ಕಡತ

ಈಗ ಗೆಳೆಯನ ಪ್ರಶ್ನೆ. ಇದನ್ನು ಹುಡುಕುವಾಗ ನಮಗೆ ಒಂದು ತಮಾಷೆ ಸಿಕ್ಕಿತು. ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಅದಿರು ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತಲ್ಲ, ಆಮೇಲೆ ಮತ್ತೆ ಶುರು ಮಾಡಲು ಪ್ರತಿ ಗಣಿಗೂ 'ಆರ್ ಅಂಡ್ ಆರ್' ಯೋಜನೆ ಬೇಕು ಅಂದಿತು. ಅಲ್ಲಿ ಅದರ ಅರ್ಥ ರಿಕ್ಲಮೇಷನ್ ಅಂಡ್ ರಿಹ್ಯಾಬಿಲಿಟೇಷನ್, ಅಂದರೆ ನೆಲ ಸರಿಪಡಿಸುವುದು. ಕಲ್ಲಿದ್ದಲಿನ ಕಡತಗಳಲ್ಲೂ 'ಆರ್ ಅಂಡ್ ಆರ್' ಇದೆ. ಅಲ್ಲಿ ಅದು ರಿಹ್ಯಾಬಿಲಿಟೇಷನ್ ಅಂಡ್ ರೀಸೆಟ್ಲ್‌ಮೆಂಟ್, ಜನರಿಗೆ ಬೇರೆ ಕಡೆ ವ್ಯವಸ್ಥೆ ಮಾಡುವುದು. ಮೊದಲ ದಿನ ನಾವು ಎರಡನ್ನೂ ಒಂದೇ ಅಂದುಕೊಂಡು ಓದಿ ಗೊಂದಲ ಮಾಡಿಕೊಂಡೆವು. ಒಂದು ನೆಲದ ಕಡತ, ಇನ್ನೊಂದು ಜನರ ಕಡತ. ಸರಿಪಡಿಸಿದ ನೆಲಕ್ಕೆ ಅಲ್ಲಿಂದ ಎದ್ದ ಜನರನ್ನೇ ಕರೆತರುವ ದಾರಿ ಎರಡರಲ್ಲೂ ನಮಗೆ ಕಾಣಲಿಲ್ಲ.

ಕಾರಣ ಕಾನೂನಿನಲ್ಲಿದೆ. ಸರ್ಕಾರಿ ಕಂಪನಿಗಳಿಗೆ ಹೆಚ್ಚಿನ ಕಲ್ಲಿದ್ದಲು ನೆಲ ಸಿಗೋದು 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಕಾಯ್ದೆಯಿಂದ. ನೆಲ ಪೂರ್ತಿ ಸರ್ಕಾರಕ್ಕೆ, ಅಲ್ಲಿಂದ ಕಂಪನಿಗೆ ಹೋಗುತ್ತೆ. ಗಣಿ ಮುಗಿದ ಮೇಲೆ ಹಳೇ ಮಾಲೀಕನಿಗೆ ವಾಪಸ್ ಕೊಡಬೇಕು ಅನ್ನುವ ಕಲಂ ಅದರಲ್ಲಿ ಇಲ್ಲ. ಕೋಲ್ ಇಂಡಿಯಾದ 2012ರ ನೀತಿಯಲ್ಲಿ 2 ಎಕರೆಗೆ ಒಂದು ಕೆಲಸ ಅಂತ ಇದೆ. ಅರ್ಧ ಎಕರೆಯವನು ಏನು ಮಾಡಬೇಕು? ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳು? 2022ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಹೊಸ ನೀತಿ ಒಪ್ಪಿತು: ಕಲ್ಲಿದ್ದಲು ಖಾಲಿಯಾದ ನೆಲವನ್ನು ಸೌರ ವಿದ್ಯುತ್, ಕೋಲ್ ವಾಷರಿ, ಪುನರ್ವಸತಿ ಇಂಥ ಕೆಲಸಗಳಿಗೆ ಲೀಸ್ ಕೊಡಬಹುದು. ಒಡೆತನ ಮಾತ್ರ ಕಂಪನಿಯಲ್ಲೇ. ಖಾಲಿ ಬೀಳುವುದಕ್ಕಿಂತ ಇದು ವಾಸಿ, ಒಪ್ಪುತ್ತೇವೆ. ಆದರೆ ಅಜ್ಜನ ಹೊಲ ಇದ್ದ ಜಾಗಕ್ಕೆ ಮೊಮ್ಮಗ ಸೆಕ್ಯುರಿಟಿ ಗಾರ್ಡ್ ಆಗಿ ಹೋಗಬಹುದು, ರೈತನಾಗಿ ಹೋಗಲಾರ.

ಅಳತೆಯ ವಿಷಯವೂ ಇದೆ. 2009ರಿಂದ ನಮ್ಮಲ್ಲಿ ಗಣಿ ಮುಚ್ಚುವ ಯೋಜನೆ ಕಡ್ಡಾಯ, ಕಂಪನಿ ಪ್ರತಿ ವರ್ಷ ಎಸ್ಕ್ರೋ ಖಾತೆಗೆ ಹಣ ಹಾಕಬೇಕು. ಪ್ರಗತಿಯನ್ನು ಉಪಗ್ರಹದಿಂದ ಹೆಕ್ಟೇರ್ ಲೆಕ್ಕದಲ್ಲಿ ಅಳೆಯುತ್ತಾರೆ: ಇಷ್ಟು ತುಂಬಿದ್ದು, ಇಷ್ಟು ಹಸಿರಾದದ್ದು. ನಾವು ಮೇಲೆ ಹೇಳಿದ ಅಮೆರಿಕದ ಕಾಯ್ದೆಯಲ್ಲಿ ಒಂದು ಕಲಂ ನಮಗೆ ತುಂಬಾ ಹಿಡಿಸಿತು. ಗಣಿಗೆ ಮೊದಲು ಅದು ಉತ್ತಮ ಕೃಷಿ ಭೂಮಿ ಆಗಿದ್ದರೆ, ಮರುಸೃಷ್ಟಿ ಆದ ಮೇಲೆ ಅಲ್ಲಿ ಬೆಳೆ ಬೆಳೆದು ತೋರಿಸಬೇಕು, ಕನಿಷ್ಠ ಮೂರು ಬೆಳೆ ವರ್ಷ. ಗಣಿ ಆಗದ ಅಂಥದೇ ಹೊಲದಷ್ಟು ಇಳುವರಿ ಬಂದರೆ ಮಾತ್ರ ಬಾಂಡ್ ಹಣ ಪೂರ್ತಿ ಬಿಡುಗಡೆ. ಅಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ, ಕಂಪನಿಗಳು ದಿವಾಳಿ ಎದ್ದಾಗ ಬಾಂಡ್ ಸಾಲದೆ ಬಂದ ತೊಂದರೆಗಳೂ ಇವೆ. ಆದರೂ ಹಸಿರು ಅಳೆಯುವುದಕ್ಕೂ ಜೋಳ ಅಳೆಯುವುದಕ್ಕೂ ವ್ಯತ್ಯಾಸ ಇದೆ. ಜೋಳ ಅಳೆಯಬೇಕಾದರೆ ಅಲ್ಲಿ ಬಿತ್ತುವವರು ಇರಬೇಕು. ಹಸಿರಿಗೆ ಅದು ಬೇಕಾಗಿಲ್ಲ.

ಇದನ್ನೆಲ್ಲ ಓದಿ ಮುಗಿಸಿದ ದಿನ ಗೆಳೆಯ ತನ್ನ ಹಳೇ ನೋಟ್ಸ್ ತೆಗೆದು, ಆ ಐದು ಅಂಕದ ಉತ್ತರದ ಕೆಳಗೆ ಪೆನ್ಸಿಲ್‌ನಲ್ಲಿ ನಾಲ್ಕನೇ ಸಾಲು ಸೇರಿಸಿದ: ಗಣಿಗೆ ಮೊದಲು ಈ ಹೆಕ್ಟೇರ್‌ನಲ್ಲಿ ಯಾರು ಏನು ಬೆಳೆಯುತ್ತಿದ್ದರು, ಈಗ ಅವರು ಎಲ್ಲಿದ್ದಾರೆ ಅಂತ ಬರೆದಿಡಬೇಕು. ಮೌಲ್ಯಮಾಪಕರು ಅದಕ್ಕೆ ಅರ್ಧ ಅಂಕ ಹೆಚ್ಚು ಕೊಡುತ್ತಾರೋ, ಔಟ್ ಆಫ್ ಸಿಲಬಸ್ ಅಂತ ಕೆಂಪು ಗೆರೆ ಎಳೆಯುತ್ತಾರೋ, ಮುಂದಿನ ಸೆಮಿಸ್ಟರ್‌ನ ಜೂನಿಯರ್‌ಗಳು ಬರೆದು ನೋಡಿ ನಮಗೆ ತಿಳಿಸಬೇಕು. ಶನಿವಾರದ ಮುಂದಿನ ಓದು ಶಕ್ತಿನಗರದ ಹಾರುಬೂದಿಯ ಬಗ್ಗೆ. ಗಣಿಯ ಗುಂಡಿ ತುಂಬಲು ಅದನ್ನೂ ಬಳಸುತ್ತಾರೆ, ಹಾಗಾಗಿ ಈ ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ. ಸಿವಿಲ್, ಕೆಮಿಕಲ್‌ನವರು ತಪ್ಪದೆ ಬನ್ನಿ. ಚಹಾ ಸಂಘದ ಖರ್ಚು.